ಅಪ್ಪನ ವರ್ಷದ ಆರಾಧನೆಯಲ್ಲಿ ಏನು ಹೇಳಲಿ, ಏನು ಬಿಡಲಿ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷವಾಗುತ್ತದೆ. ಸ್ಮರಣೆಯ ಆರಾಧನೆಯಲ್ಲಿ ಮನೆಯವರೆಲ್ಲರ ಪರವಾಗಿ ನಾನು ಮಾತಾಡಬೇಕೆಂದು ತೀರ್ಮಾನವಾಗಿದೆ. ಅಪ್ಪ ಭಾನುವಾರದ ಆರಾಧನೆ ತಪ್ಪಿಸಿದವರಲ್ಲ. ಅವ್ವ ಹಾಸಿಗೆ ಹಿಡಿದಾಗ ತಾವೇ ಅಡುಗೆ ಮಾಡಿ ಉಣಿಸಿದರು. ಮೊಮ್ಮಕ್ಕಳೆಂದರೆ ಜೀವ ಬಿಡುತ್ತಿದ್ದರು. ಆದರೆ ನಾವು ಚಿಕ್ಕವರಿದ್ದಾಗ ಬಹಳ ಕಟು. ಅಣ್ಣನಿಗೆ ಬೆಲ್ಟಿನಿಂದ ಹೊಡೆದದ್ದುಂಟು. ‘ನೀನು ದೈವಭಕ್ತ ಅಂತ ಹೊಗಳೋಕೆ ಶುರು ಮಾಡಿದ್ರೆ ಎದ್ದು ಹೊರಗೆ ಹೋಗ್ತೀನಿ’ ಎನ್ನುತ್ತಾನೆ ಅಣ್ಣ. ‘ತೀರಿಹೋದವರ ಮೇಲೆ ಒಂದು ಕೆಟ್ಟ ಮಾತು ಬಂದರೂ ನಾನು ಬರಂಗಿಲ್ಲ’ ಎನ್ನುತ್ತಾಳೆ ಅವ್ವ. ನಾನೇನು ಮಾಡಲಿ?

ಉತ್ತರ: ನಿಮ್ಮ ಅವ್ವನ ಮಾತೂ ನಿಜ, ಅಣ್ಣನ ಮಾತೂ ನಿಜ. ಅವ್ವ ಗಂಡನನ್ನು ನೆನೆಯುತ್ತಿದ್ದಾರೆ, ಅಣ್ಣ ಅಪ್ಪನನ್ನು, ನಿಮ್ಮ ಮಕ್ಕಳು ಅಜ್ಜನನ್ನು. ಈ ಮೂರನ್ನೂ ಒಬ್ಬರ ಬಾಯಲ್ಲಿ ಹೇಳಿಸಲು ಹೊರಟದ್ದರಿಂದ ತೊಡಕಾಗಿದೆ. ‘ಮನೆಯವರೆಲ್ಲರ ಪರವಾಗಿ’ ಎಂಬುದನ್ನು ಮೊದಲು ಬಿಡಿ. ಒಟ್ಟು ಆರು ನಿಮಿಷ ಇಟ್ಟುಕೊಳ್ಳಿ: ಅವ್ವನ ಮಾತಿಗೆ ಎರಡು, ಮಗಳಾಗಿ ನಿಮ್ಮ ಮಾತಿಗೆ ಮೂರು, ಮೊಮ್ಮಕ್ಕಳಿಗೆ ಒಂದು. ಸಭೆಯಲ್ಲಿ ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 80–90 ಪದ ಸಾಗುತ್ತದೆ. ಅಂದರೆ ಎಲ್ಲ ಸೇರಿ ಐನೂರು ಪದದ ಆಸುಪಾಸು. ಸಭಾಪಾಲಕರಿಗೆ ಎರಡು ವಾರ ಮೊದಲೇ ಇದನ್ನು ತಿಳಿಸಿ. ಅವರು ಅದಕ್ಕೆ ತಕ್ಕಂತೆ ಪ್ರಸಂಗದ (ಉಪದೇಶದ) ಸಮಯ ಹೊಂದಿಸಿಕೊಳ್ಳುತ್ತಾರೆ.

ಅವ್ವನ ಮಾತನ್ನು ನೀವು ಕಲ್ಪಿಸಿ ಬರೆಯಬೇಡಿ, ಅವರಿಂದಲೇ ಕೇಳಿ ಬರೆದುಕೊಳ್ಳಿ. ಮಧ್ಯಾಹ್ನದ ಹೊತ್ತು, ಒಬ್ಬರೇ ಕೂತು, ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಂಡು, ಅರ್ಧ ತಾಸು ಮೀರದಂತೆ ಕೇಳಿ. ರಾತ್ರಿ ಬೇಡ, ಆಮೇಲೆ ಅವರಿಗೆ ನಿದ್ದೆ ಬರುವುದಿಲ್ಲ. ‘ಅಪ್ಪ ಎಂಥವರಿದ್ದರು?’ ಎಂದು ಕೇಳಿದರೆ ‘ಒಳ್ಳೆಯವರು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ನೀನು ಮಲಗಿದ್ದಾಗ ಅಪ್ಪ ಮೊದಲ ದಿನ ಏನು ಅಡುಗೆ ಮಾಡಿದರು? ಉಪ್ಪು ಸರಿ ಇತ್ತಾ? ಪ್ರಾರ್ಥನೆ ಗಟ್ಟಿಯಾಗಿ ಮಾಡುತ್ತಿದ್ದರೋ, ಮನಸ್ಸಿನಲ್ಲೋ? ನಿನ್ನನ್ನು ಏನೆಂದು ಕರೆಯುತ್ತಿದ್ದರು?’ ಎಂದು ಕೇಳಿ. ‘ಸಜ್ಜನ’, ‘ಸರಳ ಜೀವಿ’, ‘ದೈವಭಕ್ತ’ ಎಂಬ ಪದಗಳು ಯಾವ ಸಮಾಧಿಗೂ ಒಪ್ಪುತ್ತವೆ. ಮಂಚದ ಪಕ್ಕ ಕೂತು ಗಂಜಿ ಆರಿಸಿ ಒಂದೊಂದೇ ಚಮಚ ಉಣಿಸಿದ ಗಂಡ ಒಬ್ಬರೇ. ಅವರ ಭಕ್ತಿ ಎಂಥದ್ದೆಂದು ಸಭೆಗೆ ಅಷ್ಟರಲ್ಲೇ ಗೊತ್ತಾಗುತ್ತದೆ, ಬೇರೆ ವಿಶೇಷಣ ಬೇಕಿಲ್ಲ.

ಈಗ ಅಣ್ಣನ ವಿಷಯ. ಬೆಲ್ಟಿನ ಪೆಟ್ಟನ್ನು ‘ಆ ಕಾಲದ ಶಿಸ್ತು’ ಎಂದು ತೇಲಿಸಬೇಡಿ. ಅದು ಅಣ್ಣನಿಗೆ ಎರಡನೇ ಪೆಟ್ಟಾಗುತ್ತದೆ. ಹಾಗೆಂದು ವರ್ಷದ ಆರಾಧನೆಯಲ್ಲಿ ಅದರ ವಿಚಾರಣೆಯೂ ಆಗಬೇಕಿಲ್ಲ. ಒಂದೇ ವಾಕ್ಯ ಸಾಕು, ಅದು ನಿಜವಾಗಿರಬೇಕು: ‘ಅಪ್ಪನ ಕೈ ಬಿರುಸಾಗಿತ್ತು, ಅದರ ನೋವು ನಮ್ಮಲ್ಲಿ ಇನ್ನೂ ಇದೆ; ಅದರ ಬಗ್ಗೆ ಅವರೊಡನೆ ಕೂತು ಮಾತಾಡುವ ಮೊದಲೇ ಅವರು ಹೋದರು.’ ಇಂಥ ವಾಕ್ಯವನ್ನು ನಿಮ್ಮ ಪಾಲಿನ ನಡುವೆ ಇಡಿ. ಮೊದಲಲ್ಲಿಟ್ಟರೆ ದೂರಾಗಿ ಕೇಳಿಸುತ್ತದೆ, ಕೊನೆಗಿಟ್ಟರೆ ತೀರ್ಪಾಗುತ್ತದೆ. ‘ಆದರೂ’ ಎಂದು ಶುರುವಾಗುವ ವಾಕ್ಯವನ್ನು ಅದರ ಬೆನ್ನಿಗೆ ಹಚ್ಚಬೇಡಿ. ಹಚ್ಚಿದರೆ ಮೊದಲು ಹೇಳಿದ್ದನ್ನು ನೀವೇ ಅಳಿಸಿದಂತೆ.

ಒಪ್ಪಿಸುವ ಕ್ರಮವೂ ಮುಖ್ಯ. ಮೊದಲು ಅಣ್ಣನಿಗೆ ಆ ಒಂದು ವಾಕ್ಯವನ್ನಷ್ಟೇ ತೋರಿಸಿ, ಪದ ಬದಲಿಸುವ ಹಕ್ಕು ಕೊಡಿ. ಅವರು ತಮ್ಮ ನೋವನ್ನು ಸಭೆಯ ಮುಂದಿಡುವುದೇ ಬೇಡ ಎಂದರೆ ಆ ವಾಕ್ಯ ಬಿಡಿ, ಜೊತೆಗೆ ಅಪ್ಪ ಮಕ್ಕಳನ್ನು ಬೆಳೆಸಿದ ರೀತಿಯ ಹೊಗಳಿಕೆಯನ್ನೂ ಪೂರ್ತಿ ಬಿಡಿ. ಅವರು ಒಪ್ಪಿದ ಮೇಲೆ ಪೂರ್ತಿ ಬರಹವನ್ನು ಅವ್ವನಿಗೆ ಓದಿ ಹೇಳಿ, ಆರಾಧನೆಗೆ ಕನಿಷ್ಠ ಒಂದು ವಾರ ಇರುವಾಗ. ಹಿಂದಿನ ರಾತ್ರಿ ಓದಿದರೆ ಜಗಳವಾಗುತ್ತದೆ, ಓದದೆ ಹೋದರೆ ಅವರಿಗೆ ಸಭೆಯ ನಡುವೆ ಆಘಾತ. ತೀರಿಹೋದವರ ತಪ್ಪು ಹೇಳುವುದು ವಿಶ್ವಾಸಕ್ಕೆ ವಿರುದ್ಧ ಎಂಬ ಅಂಜಿಕೆ ಅವ್ವನಿಗಿದ್ದರೆ ಸತ್ಯವೇದವನ್ನೇ (ಬೈಬಲ್) ತೆರೆಯಿರಿ. ಶಿಷ್ಯನಾದ ಪೇತ್ರನು ಯೇಸುವನ್ನು ಅರಿಯೆನೆಂದು ಮೂರು ಸಲ ಅಂದದ್ದನ್ನು ನಾಲ್ಕೂ ಸುವಾರ್ತೆಗಳು ಬರೆದಿಟ್ಟಿವೆ. ಅದರಿಂದ ಸಭೆಯಲ್ಲಿ ಅವನ ಸ್ಥಾನ ಕಡಿಮೆಯಾಗಲಿಲ್ಲ. ತಂದೆಗಳು ಮಕ್ಕಳನ್ನು ಕೆಣಕಬಾರದು ಎಂಬ ಬುದ್ಧಿಮಾತು ಎಫೆಸದವರಿಗೆ ಬರೆದ ಪತ್ರಿಕೆಯ 6:4ರಲ್ಲಿದೆ, ಕೊಲೊಸ್ಸೆಯವರಿಗೆ ಬರೆದದ್ದರ 3:21ರಲ್ಲೂ ಇದೆ. ಅಣ್ಣನ ಅಳಲು ಧರ್ಮದ ಹೊರಗಿನದಲ್ಲ ಎಂದು ಅವ್ವನಿಗೆ ಗೊತ್ತಾಗಲಿ.

ಸತ್ಯವೇದದಿಂದ ಓದುವ ಪಾಠದ ಆಯ್ಕೆಯಲ್ಲೂ ಎಚ್ಚರ ಬೇಕು. ಇಂಥ ಆರಾಧನೆಗೆ 103ನೆಯ ಕೀರ್ತನೆಯನ್ನು ಹಲವರು ಆರಿಸುತ್ತಾರೆ. ಅದರ 13ನೆಯ ವಚನ ತಂದೆ ಮಕ್ಕಳಿಗೆ ತೋರಿಸುವ ಕನಿಕರವನ್ನು ದೇವರ ಕನಿಕರಕ್ಕೆ ಹೋಲಿಸುತ್ತದೆ. ಪೆಟ್ಟು ತಿಂದ ಮಗನಿಗೆ ಅದನ್ನು ಕೇಳಿಸಿಕೊಂಡು ಕೂರುವುದು ಕಷ್ಟ. 90 ಅಥವಾ 121ನೆಯ ಕೀರ್ತನೆ ನಿಮ್ಮ ಮನೆಗೆ ಹೊಂದುತ್ತದೆ. ಓದುವ ಕೆಲಸವನ್ನು ಅಣ್ಣನಿಗೇ ಕೇಳಿ ನೋಡಿ. ಹೊಗಳಲಾರದವರೂ ಕೀರ್ತನೆ ಓದಬಲ್ಲರು. ಅವರು ಒಲ್ಲೆ ಎಂದರೆ ಎರಡನೇ ಸಲ ಕೇಳಬೇಡಿ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಅವರಿಗೊಂದು ಜಾಗ ಇರಲಿ. ಹಳೆಯ ಪೆಟ್ಟಿನಿಂದ ಅವರಿಗೆ ನಿದ್ದೆ ಕೆಡುವುದು, ಮಕ್ಕಳ ಮೇಲೆ ಕೈ ಎತ್ತುವುದು ಇದ್ದರೆ ಅದು ಆರಾಧನೆಯಿಂದ ತೀರುವ ಸಂಗತಿಯಲ್ಲ, ಆಪ್ತಸಮಾಲೋಚಕರನ್ನು ಕಾಣಲಿ. ನಿಮ್ಮ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನೋವೈದ್ಯರಿದ್ದಾರೆ.

ಮೊಮ್ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸಿ ನಿಲ್ಲಿಸಬೇಡಿ. ಅಜ್ಜನ ಜೊತೆ ಮಾಡಿದ ಒಂದು ಕೆಲಸವನ್ನು ತಮ್ಮ ಮಾತಿನಲ್ಲಿ ಹೇಳಲಿ. ಚಿಕ್ಕವರಾದರೆ ಅಜ್ಜನ ಟಾರ್ಚನ್ನೋ ಕನ್ನಡಕದ ಡಬ್ಬಿಯನ್ನೋ ಹಿಡಿದು ತೋರಿಸಿದರೂ ಸಾಕು. ದೊಡ್ಡ ಮೊಮ್ಮಗು ಅಜ್ಜನ ಸತ್ಯವೇದದಿಂದಲೇ ಓದುವುದಾದರೆ ಹತ್ತು ದಿನ ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹಳೆಯ ಅನುವಾದದ ಉದ್ದ ಕ್ರಿಯಾಪದಗಳು ತೊಡರುತ್ತವೆ.

ಅಜ್ಜನ ಆ ಸತ್ಯವೇದದ ಮೊದಲ ಹಾಳೆಗಳನ್ನು ನೋಡಿ. ಹುಟ್ಟು, ದೀಕ್ಷಾಸ್ನಾನ, ಮದುವೆಗಳನ್ನು ಅಲ್ಲಿ ಬರೆದಿಡುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಂಚಿನಲ್ಲಿ ತಾರೀಕು ಹಾಕಿದ ಸಾಲುಗಳಿದ್ದರೆ ಅವು ನಿಮ್ಮ ಮಾತಿಗೆ ಚಿನ್ನ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ಅವ್ವ ಇರುವ ತನಕ ಅದು ಅವ್ವನ ಬಳಿಯೇ ಇರಲಿ, ಹಂಚಿಕೆಯ ಮಾತೆತ್ತಬೇಡಿ. ತಾರೀಕುಗಳು ತಾಳೆಯಾಗದಿದ್ದರೆ ಸಭೆಯ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರ್ ನೋಡಿ. ಹುಬ್ಬಳ್ಳಿಗೆ ಬಾಸೆಲ್ ಮಿಶನ್ ಬಂದದ್ದು 1839ರಲ್ಲಿ. ನಿಮ್ಮದು ಆ ಕಾಲದಿಂದ ಬಂದ ಮನೆತನವಾಗಿದ್ದರೆ ಅಪ್ಪನ ಹಿರಿಯರ ಹೆಸರೂ ಸಿಕ್ಕೀತು.

ನೌಕರಿ, ವರ್ಗಾವಣೆ, ನಿವೃತ್ತಿ, ನೆಂಟರ ಹೆಸರು ಇವನ್ನೆಲ್ಲ ಅಚ್ಚಿನ ಹಾಳೆಗೆ ಹಾಕಿ, ಮಾತಿನಲ್ಲಿ ತರಬೇಡಿ. ಮೂರು ನಿಮಿಷ ಅಲ್ಲೇ ಕಳೆದುಹೋಗುತ್ತದೆ, ಬಿಟ್ಟುಹೋದ ಒಬ್ಬ ಚಿಕ್ಕಪ್ಪ ವರ್ಷಗಟ್ಟಲೆ ಮಾತು ಬಿಡುತ್ತಾರೆ. ನಿಮ್ಮ ಪ್ರತಿಯನ್ನು 18ರ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು, ಪುಟದ ಕೊನೆಗೆ ವಾಕ್ಯ ಮುಗಿಯುವಂತೆ ಅಚ್ಚು ಹಾಕಿಸಿ. ಗಂಟಲು ಕಟ್ಟುವುದು ಬಹಳ ಸಲ ಅಪ್ಪ ಕರೆಯುತ್ತಿದ್ದ ಮುದ್ದಿನ ಹೆಸರು ಬಾಯಿಗೆ ಬಂದಾಗ. ಆ ಜಾಗಕ್ಕೆ ಗುರುತು ಹಾಕಿಕೊಂಡು ಅದಕ್ಕೆ ಮೊದಲೇ ಒಂದು ಗುಟುಕು ನೀರು ಕುಡಿಯಿರಿ. ಮುಂದುವರಿಸಲಾಗದಿದ್ದರೆ ಓದಲು ಇನ್ನೊಬ್ಬರು ಪ್ರತಿ ಹಿಡಿದು ಮೊದಲ ಸಾಲಿನಲ್ಲಿ ಕೂತಿರಲಿ.

ವರ್ಷದ ಹೊತ್ತಿಗೆ ಸಮಾಧಿಗೆ ಕಲ್ಲು ಹಾಕಿಸುವ ಮಾತು ಬಂದೇ ಬರುತ್ತದೆ. ಸಭೆಯ ಕಮಿಟಿಯ ಒಪ್ಪಿಗೆ ಮತ್ತು ಅಳತೆ ಕೇಳದೆ ಮುಂಗಡ ಕೊಡಬೇಡಿ. ಹುಬ್ಬಳ್ಳಿಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಗೆದ ಮಣ್ಣು ಕುಸಿಯಲು ಒಂದು ಮಳೆಗಾಲವಾದರೂ ಬೇಕು, ಅವಸರದಲ್ಲಿ ಕೂರಿಸಿದ ಕಲ್ಲು ವಾಲುತ್ತದೆ. ಕೆಳಗೆ ಸರಳು ಹಾಕಿದ ಕಾಂಕ್ರೀಟ್ ಹಾಸು ಹಾಕಿಸಿ. ಕೆತ್ತುವ ಮೊದಲು ಅಸಲಿ ಅಳತೆಯಲ್ಲೇ ಕಾಗದದ ಮೇಲೆ ಅಚ್ಚು ತರಿಸಿ, ಮನೆಯವರಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಬೇರೆ ತಂತ್ರಾಂಶಕ್ಕೆ ಹೋದಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದು ಸಾಮಾನ್ಯ, ಕಲ್ಲಿನಲ್ಲಿ ಅದನ್ನು ತಿದ್ದಲು ಬರುವುದಿಲ್ಲ. ‘ಪ್ರೀತಿಯ ತಂದೆ’ ಎಂದು ಕೆತ್ತಿಸುವ ಬಗ್ಗೆ ಅಣ್ಣನ ಆಕ್ಷೇಪವಿದ್ದರೆ ಹೆಸರು, ಎರಡು ತಾರೀಕು, ಅಪ್ಪ ಗೆರೆ ಹಾಕಿದ ಒಂದು ವಚನದ ಅಧ್ಯಾಯ-ಸಂಖ್ಯೆ ಇಷ್ಟೇ ಇರಲಿ. ಕೆಳಗೆ ಅವ್ವನ ಹೆಸರಿಗೆ ಜಾಗ ಬಿಡಬೇಕೋ ಬೇಡವೋ ಎಂಬುದನ್ನು ಮಾತ್ರ ನೀವು ತೀರ್ಮಾನಿಸಬೇಡಿ, ಅವ್ವನನ್ನೇ ಕೇಳಿ.