ಕಾಂಡ್ಲಾ ಒಣಗುತ್ತಿದೆಯೇ? ಮೊದಲು ಮೋರಿ ನೋಡಿ

ಪ್ರಶ್ನೆ: ನಮ್ಮ ಸೊಸೈಟಿ ಹಿಂದಿನ ಖಾಡಿಯ (ಸಮುದ್ರದ ಹಿನ್ನೀರಿನ) ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಮರಗಳು ಚೌತಿ ಕಳೆಯುತ್ತಿದ್ದಂತೆ ಕಂದು ತಿರುಗಿವೆ. ಯಾರೋ ವಿಷ ಹಾಕಿದ್ದಾರೆ ಎನ್ನುತ್ತಾರೆ. ನಿಜವೇ?
– ಓದುಗರು, ಐರೋಲಿ, ನವಿ ಮುಂಬೈ

ಉತ್ತರ: ದೂರು ಬರೆಯುವ ಮೊದಲು ಒಂದು ಎಲೆ ಕಿತ್ತು ನೋಡಿ. ಹಸಿರೆಲ್ಲ ಹೋಗಿ ನರಗಳಷ್ಟೇ ಬಲೆಯಂತೆ ಉಳಿದಿದ್ದರೆ ಅದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಹುಳುವಿನ ಕೆಲಸ. ತೇಗ ಬೆಳೆದವರಿಗೆ ಈ ಹುಳು ಹೊಸದಲ್ಲ. ಮುಂಬೈ ಸುತ್ತ ಮಳೆಗಾಲದ ಕೊನೆಗೆ ಇದು ಅವಿಸೀನಿಯಾ ಮರೀನಾ, ಅಂದರೆ ಮರಾಠಿಯವರ ತಿವರ ಮರಕ್ಕೂ ಬೀಳುತ್ತದೆ. ರೆಂಬೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಗಾಬರಿ ಬೇಡ, ಕೆಲವು ವಾರಗಳಲ್ಲಿ ಚಿಗುರುತ್ತದೆ. ಕೀಟನಾಶಕ ಮಾತ್ರ ಹೊಡೆಸಬೇಡಿ. ಬುಡದಲ್ಲಿರುವ ಏಡಿ, ಸಿಗಡಿ ಮರಿಗಳಿಗೆ ಉಳಿಗಾಲವಿರುವುದಿಲ್ಲ. ಎಲೆ ಇಡಿಯಾಗಿ ಹಳದಿಯಾಗಿ ಉದುರಿ, ರೆಂಬೆ ತುದಿಯಿಂದ ಒಣಗುತ್ತಾ ಬಂದಿದ್ದರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಒಂದು ಮರವನ್ನೂ ಕಡಿಯದೆ ರಸ್ತೆ ಮಾಡಿದರು. ಆದರೂ ರಸ್ತೆಯ ಒಳಬದಿಯ ಕಾಂಡ್ಲಾ ಮಾತ್ರ ಸಾಯುತ್ತಿದೆ. ಏಕೆ?
– ಓದುಗರು, ಥಾಣೆ

ಉತ್ತರ: ತಿವರದ ಉಸಿರುಬೇರುಗಳು ಕೆಸರಿಗೆ ಪೆನ್ಸಿಲ್ ಚುಚ್ಚಿಟ್ಟಂತೆ 10ರಿಂದ 30 ಸೆಂ.ಮೀ. ಎದ್ದು ನಿಂತಿರುತ್ತವೆ. ಮೈಮೇಲಿನ ಸಣ್ಣ ರಂಧ್ರಗಳೇ ಅವುಗಳ ಮೂಗು. ಇಳಿತದ ಹೊತ್ತಿಗೆ ಅವಕ್ಕೆ ಗಾಳಿ ತಾಗಲೇಬೇಕು. ಒಳಬಂದ ನೀರು ರಸ್ತೆಯ ಮಣ್ಣಿಗೆ ತಡೆದು ನಿಂತರೆ ಬೇರು ಉಸಿರುಗಟ್ಟುತ್ತದೆ. ನೀರು ಒಳಗೇ ಬರದಿದ್ದರೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದು ಇಮ್ಮಡಿಯಾದರೆ ತಿವರವೂ ಕುಬ್ಜವಾಗುತ್ತದೆ, ಇನ್ನೂ ಏರಿದರೆ ಸಾಯುತ್ತದೆ.

ನಿಮ್ಮಲ್ಲಿ ಯಾವುದು ನಡೆದಿದೆ ಎಂದು ಅಳೆಯಬಹುದು. ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯ ಮರುದಿನ, ರಸ್ತೆಯಡಿ ನೀರು ದಾಟುವ ಮೋರಿಯ ಎರಡೂ ಬದಿಯ ಕಾಲುವೆಯಲ್ಲಿ ಅಳತೆ ಗುರುತು ಹಾಕಿದ ಒಂದೊಂದು ಗಳು ನೆಡಿ. ಗಾರೆ ಮೇಸ್ತ್ರಿಯ ನೀರಿನ ಲೆವೆಲ್ ಪೈಪನ್ನು ಮೋರಿಯೊಳಗಿಂದ ತೂರಿಸಿ ಎರಡೂ ಗುರುತುಗಳನ್ನು ಸಮ ಮಾಡಿಕೊಳ್ಳಿ. ಪೂರ್ಣ ಉಬ್ಬರದಿಂದ ಇಳಿತ ಮುಗಿಯುವವರೆಗೆ ಅರ್ಧ ಗಂಟೆಗೊಮ್ಮೆ ಬರೆದಿಡಿ. ಉಬ್ಬರದಲ್ಲೇ ಒಳಗಿನ ಮಟ್ಟ ಕೆಳಗಿದ್ದರೆ ನೀರು ಸಾಲುತ್ತಿಲ್ಲ. ಒಳಗಿನದು ಗಂಟೆಗಟ್ಟಲೆ ತಡವಾಗಿ ಇಳಿದರೆ ಮೋರಿ ಕಿರಿದು, ಇಲ್ಲವೇ ಕಸ ಕಟ್ಟಿದೆ. ಹೊರಗೆ ಇಳಿಯುತ್ತಲೇ ಇದ್ದು ಒಳಗೆ ಒಂದು ಗುರುತಿಗೆ ಬಂದು ನಿಂತುಬಿಟ್ಟರೆ ಮೋರಿಯ ತಳವನ್ನೇ ಕಾಲುವೆಯ ತಳಕ್ಕಿಂತ ಎತ್ತರದಲ್ಲಿ ಕೂರಿಸಿದ್ದಾರೆ. ಈ ತಪ್ಪಿಗೆ ಪಕ್ಕದಲ್ಲಿ ಇನ್ನೊಂದು ಪೈಪು ಹಾಕಿ ಪ್ರಯೋಜನವಿಲ್ಲ, ತಗ್ಗಿಸಿಯೇ ಹಾಕಬೇಕು.

ಟಿಪ್ಪರ್‌ಗಳು ಸುರಿವ ಕಟ್ಟಡದ ಮಣ್ಣುಕಲ್ಲೂ ಇದೇ ಕೇಡು ಮಾಡುತ್ತದೆ. ಬಾಂಬೆ ಹೈಕೋರ್ಟು ಸೆಪ್ಟೆಂಬರ್ 2018ರ ತೀರ್ಪಿನಲ್ಲಿ ಕಾಂಡ್ಲಾದಲ್ಲಿ ಹೀಗೆ ಸುರಿಯುವುದನ್ನು ನಿಷೇಧಿಸಿದೆ. ಈ ಅಳತೆ ಪಟ್ಟಿಯನ್ನು ಫೋಟೊ ಜೊತೆ ರಾಜ್ಯದ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ಗೆ ಕೊಡಿ. ಬರೀ ‘ಮರ ಒಣಗಿದೆ’ ಎಂಬ ಅರ್ಜಿಗಿಂತ ತೂಕವಿರುತ್ತದೆ.

ಪ್ರಶ್ನೆ: ಚರಂಡಿ ನೀರು ಬೀಳುವಲ್ಲೇ ಕಾಂಡ್ಲಾ ಸೊಂಪಾಗಿದೆಯಲ್ಲ?
– ಓದುಗರು, ಮಂಗಳೂರು

ಉತ್ತರ: ಮೇಲೆ ಸೊಂಪು. ಸಾರಜನಕ ಧಾರಾಳ ಸಿಕ್ಕ ಮರ ಎಲೆಗೆ ಹೆಚ್ಚು, ಬೇರಿಗೆ ಕಡಿಮೆ ಖರ್ಚು ಮಾಡುತ್ತದೆ; ಮಳೆ ಕೈಕೊಟ್ಟು ಉಪ್ಪು ಏರಿದ ವರ್ಷ ಇಂಥವೇ ಹೆಚ್ಚು ನರಳುತ್ತವೆ. ಜೊತೆಗೆ ಬರುವ ಪ್ಲಾಸ್ಟಿಕ್ ಚೀಲಗಳು ಉಸಿರುಬೇರಿಗೆ ಸುತ್ತಿಕೊಳ್ಳುವುದು ಬೇರೆ.

ಪ್ರಶ್ನೆ: ಜೂನ್ 5ಕ್ಕೆ ಹೊಳೆದಂಡೆಯಲ್ಲಿ ಸಾವಿರ ಕಾಂಡ್ಲಾ ನೆಡಬೇಕೆಂದಿದ್ದೇವೆ. ಸಲಹೆ?
– ಯುವಕ ಮಂಡಲ, ಕುಂದಾಪುರ

ಉತ್ತರ: ತಾಯಿಮರ ಹತ್ತಿರವಿದ್ದು ನೀರಿನ ಓಡಾಟ ಸರಿಯಿದ್ದರೆ ಸಸಿ ತಾನಾಗಿ ಏಳುತ್ತದೆ, ಅಲ್ಲಿ ನೆಡಬೇಡಿ. ನೆಡಲೇಬೇಕಾದಲ್ಲಿ ಪರಿಸರ ದಿನದ ತಾರೀಖು ಬಿಟ್ಟು ಕಾಯಿ ಬಲಿಯುವುದನ್ನು ಕಾಯಿರಿ. ರೈಜೋಫೊರಾ ಎಂಬ ಕಾಂಡ್ಲಾ ಜಾತಿಯಲ್ಲಿ, ಮರದಲ್ಲೇ ಮೊಳೆತು ತೂಗುವ ಮೊಳಕೆ ಕೋಲಿನ ಕುತ್ತಿಗೆಯಲ್ಲಿ ಹಳದಿ ಪಟ್ಟಿ ಮೂಡಿ, ಸ್ವಲ್ಪ ತಿರುವಿದರೆ ಕೈಗೆ ಬರಬೇಕು. ದಪ್ಪಗಿನ ಚೂಪು ತುದಿ ಕೆಳಗಾಗಿ 10 ಸೆಂ.ಮೀ. ಆಸುಪಾಸು ಚುಚ್ಚಿ. ಯಾವಾಗಲೂ ನೀರು ನಿಲ್ಲುವ ತಗ್ಗು ಕೆಸರು ಬೇಡ. ನೆಟ್ಟ ಸಸಿಗಳ ಕಾಂಡಕ್ಕೆ ಸುಣ್ಣದ ಚಿಪ್ಪಿನ ಬಾರ್ನಕಲ್ ಎಂಬ ಸಣ್ಣ ಸಮುದ್ರ ಜೀವಿಗಳು ಗಿಜಿಗುಡುವಂತೆ ಅಂಟತೊಡಗಿದರೆ ನೀವು ತೀರಾ ತಗ್ಗಿನಲ್ಲಿ ನೆಟ್ಟಿದ್ದೀರಿ. ಮುಂದಿನ ಸಾಲನ್ನು ದಡದತ್ತ ಸರಿಸಿ.