10 ಅಡಿ ಅಗಲದ ಸೌದೆ ಕೊಟ್ಟಿಗೆಗೆ ಪಕಾಸು ಕೊಯ್ಯುವ ಲೆಕ್ಕ

ತೀರ್ಥಹಳ್ಳಿ ಕಡೆ 10 ಅಡಿ ಅಗಲದ ಸೌದೆ ಕೊಟ್ಟಿಗೆ, ಎರಡು ಇಳಿಜಾರಿನ ಹಂಚಿನ ಮಾಡು. ಪಕಾಸು, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ಮರ, 4 ಇಂಚು ಎತ್ತರ, 2 ಇಂಚು ದಪ್ಪ. ಎರಡು ಇಳಿಜಾರೂ ಕೂಡುವಲ್ಲಿನ ನೆತ್ತಿ ತೊಲೆಯೂ 2 ಇಂಚು ದಪ್ಪ. ಆಚಾರಿ ಸಿಗುತ್ತಿಲ್ಲ, ಕೋನದ ಲೆಕ್ಕ ತಲೆಗೆ ಹತ್ತುತ್ತಿಲ್ಲ, ಪಕಾಸು ಕೊಯ್ಯುವುದು ಹೇಗೆ ಎಂದು ಕೇಳಿದ್ದೀರಿ. ಡಿಗ್ರಿ ಗೊಡವೆಯೇ ಬೇಡ, ಬಿಟ್ಟುಬಿಡಿ.

ಇಳಿಜಾರನ್ನು 12ಕ್ಕೆ 9 ಎಂದು ಇಟ್ಟುಕೊಳ್ಳಿ. ಅಡ್ಡಕ್ಕೆ 12 ಇಂಚು ಹೋದರೆ 9 ಇಂಚು ಏರಬೇಕು. ಆಗ ಓರೆ ಅಳತೆ ಸರಿಯಾಗಿ 15 ಇಂಚು. ಶಾಲೆಯ 3-4-5 ತ್ರಿಕೋನವೇ ಇದು. ಅಡ್ಡದ ಪ್ರತಿ ಇಂಚಿಗೆ ಓರೆಯಲ್ಲಿ ಒಂದೂಕಾಲು, ಅಷ್ಟೇ. ಬಯಲುಸೀಮೆಯವರಿಗೆ ಇದು ಜಾಸ್ತಿ ಕಡಿದು ಅನ್ನಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಗಾಳಿಮಳೆಗೆ ಮಾಡು ಚಪ್ಪಟೆಯಾದಷ್ಟೂ ಹಂಚಿನ ಸಂದಿಯಲ್ಲಿ ನೀರು ನುಗ್ಗುತ್ತದೆ.

ಗೋಡೆಯ ಮೇಲೆ ಮಲಗಿಸುವ ತೊಲೆಗಳ ಹೊರಮೈಯಿಂದ ಹೊರಮೈಗೆ 10 ಅಡಿ ಇದೆಯೇ ನೋಡಿ. ಅರ್ಧ 60 ಇಂಚು, ಓರೆಯಲ್ಲಿ 75. ಸೂರು 2 ಅಡಿ ಹೊರಗೆ ಬರಲಿ, ಅದು ಓರೆಯಲ್ಲಿ 30. ಒಟ್ಟು 105. ತುದಿಗಳ ಓರೆ ಕೊಯ್ತಕ್ಕೆ ಇನ್ನು 3 ಇಂಚು ಬೇಕು. ಅಲ್ಲಿಗೆ 9 ಅಡಿ. ಮರದ ತುದಿ ಸಾಮಾನ್ಯವಾಗಿ ಸೀಳಿರುತ್ತದೆ, ಆದ್ದರಿಂದ ಒಂಬತ್ತೂವರೆ ಅಡಿಯದ್ದನ್ನೇ ತನ್ನಿ.

ಗೋಡೆ ಎತ್ತರ ನೀವು ಬರೆದಿಲ್ಲ. ಇಲ್ಲಿಯೇ ತುಂಬಾ ಜನ ಎಡವುವುದು. 2 ಅಡಿ ಸೂರು ಅಂದರೆ ಒಂದೂವರೆ ಅಡಿ ಕೆಳಗೆ ಇಳಿಯುತ್ತದೆ. ಗೋಡೆ 7 ಅಡಿಯಾದರೆ ಸೂರಿನ ತುದಿ ಐದೂವರೆ ಅಡಿಯಲ್ಲಿ. ತಲೆಯ ಮೇಲೆ ಸೌದೆ ಹೊರೆ ಹೊತ್ತು ಬರುವವರ ಕಥೆ ಯೋಚಿಸಿ! ಬಾಗಿಲು ಸೂರಿನ ಕಡೆ ಇದ್ದರೆ ಗೋಡೆ 8 ಅಡಿ ಮಾಡಿ, ಇಲ್ಲವೇ ಸೂರು ಕಡಿಮೆ ಮಾಡಿ.

ಗುರುತು ಹಾಕಲು ದೊಡ್ಡ ಮೂಲೆಮಟ್ಟ (L ಆಕಾರದ ಅಳತೆಪಟ್ಟಿ) ಸಾಕು. ಪಕಾಸಿನ ಬಾಗು ಮೇಲಕ್ಕೆ ಬರುವಂತೆ ಇಡಿ. ಮಟ್ಟದ ಒಂದು ಕೈಯ 12, ಇನ್ನೊಂದು ಕೈಯ 9 ಮೇಲಂಚಿಗೆ ತಾಗಲಿ. 9ರ ಕೈ ಗುಂಟ ಎಳೆದ ಗೆರೆ ಮಾಡು ಏರಿದಾಗ ನೆಟ್ಟಗೆ ನಿಲ್ಲುತ್ತದೆ, 12ರದ್ದು ಮಲಗುತ್ತದೆ. ನೆತ್ತಿಯಲ್ಲಿ ಒಂದು ನೆಟ್ಟಗೆರೆ, ಅಲ್ಲಿಂದ ಮೇಲಂಚಿನಲ್ಲಿ 75 ಇಂಚಿಗೆ ಇನ್ನೊಂದು, ಮತ್ತೆ 30ಕ್ಕೆ ಸೂರಿನ ಗೆರೆ. ಆಮೇಲೆ ನೆತ್ತಿ ತೊಲೆಯ ಅರ್ಧ ದಪ್ಪ, ಅಂದರೆ 1 ಇಂಚು, ಕಳೆಯಬೇಕು. ಇದನ್ನು ಅಂಚಿನ ಗುಂಟ ಅಳೆಯಬೇಡಿ, ನೆಟ್ಟಗೆರೆಗೆ ಅಡ್ಡಲಾಗಿ ಅಳೆದು ಹೊಸ ಗೆರೆ ಎಳೆಯಿರಿ. ಕೊಯ್ಯುವುದು ಅದರ ಮೇಲೆ.

ಇನ್ನು ಗೋಡೆ ತೊಲೆಯ ಮೇಲೆ ಕೂರುವ ಕಚ್ಚು. ನಡುವಿನ, ಅಂದರೆ 75 ಇಂಚಿನ, ನೆಟ್ಟಗೆರೆಯಲ್ಲಿ ಕೆಳ ಅಂಚಿನಿಂದ ಒಂದೂವರೆ ಇಂಚು ಮೇಲೆ ಗುರುತು ಮಾಡಿ. ಅಲ್ಲಿಂದ ನೆತ್ತಿಯ ಕಡೆಗೆ ಮಲಗುಗೆರೆ ಎಳೆದರೆ 2 ಇಂಚಿಗೆ ಕೆಳ ಅಂಚು ಸಿಗುತ್ತದೆ. ಕಚ್ಚಿನ ಆಳ 1.2 ಇಂಚು, ಪಕಾಸಿನ ಮೂರನೇ ಒಂದು ಭಾಗದೊಳಗೆ. ಗೋಡೆ ತೊಲೆ 4 ಇಂಚು ಅಗಲ ಇದೆ, ಪೂರ್ತಿ ಕೂರಿಸೋಣ ಅಂತ ಹೋಗಬೇಡಿ. ಕಚ್ಚು ಮರದ ಅರ್ಧಕ್ಕಿಂತ ಜಾಸ್ತಿ ಆಳಕ್ಕೆ ಹೋಗುತ್ತದೆ, ಹಂಚು ನೆನೆದು ಭಾರವಾದಾಗ ಅಲ್ಲಿಯೇ ಸೀಳುತ್ತದೆ. ಗರಗಸವನ್ನು ಕಚ್ಚಿನ ಮೂಲೆ ದಾಟಿಸಲೂಬೇಡಿ, ಉಳಿದದ್ದನ್ನು ಉಳಿಯಲ್ಲಿ ಬಿಡಿಸಿ.

ನೆತ್ತಿ ತೊಲೆಯ ಮೇಲ್ಭಾಗ ಗೋಡೆ ತೊಲೆಯ ಮೇಲಿಂದ ನಲವತ್ತೇಳು ಮುಕ್ಕಾಲು ಇಂಚಿಗೆ ಬರುವಂತೆ ಊರುಗೋಲು ಕೊಟ್ಟು ನಿಲ್ಲಿಸಿ. ಮೊದಲು ಒಂದು ಜೊತೆ ಮಾತ್ರ ಕೊಯ್ದು ಇಟ್ಟು ನೋಡಿ. ಸರಿಯಾಗಿ ಕೂತರೆ ಅದರಲ್ಲೊಂದಕ್ಕೆ ಬಣ್ಣ ಬಳಿದು ಅಚ್ಚು ಮಾಡಿಕೊಳ್ಳಿ. ಪ್ರತಿ ಸಲವೂ ಅದನ್ನೇ ಇಟ್ಟು ಗೆರೆ ಎಳೆಯಬೇಕು, ಈಗಷ್ಟೇ ಕೊಯ್ದದ್ದನ್ನಲ್ಲ. ಇಲ್ಲದಿದ್ದರೆ ಪ್ರತಿ ಪಕಾಸೂ ಪೆನ್ಸಿಲ್ ಗೆರೆಯಷ್ಟು ಬೆಳೆಯುತ್ತಾ ಹೋಗುತ್ತದೆ.

ಎದುರುಬದುರು ಗೋಡೆ ತೊಲೆಗಳನ್ನು ಅಡ್ಡ ತೊಲೆಯಿಂದ ಬಿಗಿಯುವುದನ್ನು ಬಿಡಬೇಡಿ, ಹಂಚಿನ ಭಾರಕ್ಕೆ ಗೋಡೆ ಹೊರಗೆ ವಾಲುತ್ತದೆ. ಹಂಚು ಕೂರಲು ಪಕಾಸಿಗೆ ಅಡ್ಡಲಾಗಿ ಹೊಡೆಯುವ ರೀಪಿನ ಅಂತರ ನನ್ನನ್ನು ಕೇಳಬೇಡಿ. ನಿಮ್ಮ ಕೈಯಲ್ಲಿರುವ ಹಂಚನ್ನೇ ಒಂದರ ಮೇಲೊಂದು ಕೂರಿಸಿ ಅಳೆಯಿರಿ, ಹಳೇ ಹಂಚಾದರೆ ಇನ್ನೂ ಮುಖ್ಯ.