ಎಐ, ಸೈಬರ್, ಕ್ಲೌಡ್: ಯಾವುದರ ಬೋರು ನಿಮಗೆ ಒಗ್ಗುತ್ತದೆ ನೋಡಿ

ಈ ಸಲ ಜಾಸ್ತಿ ಬಂದ ಪ್ರಶ್ನೆಗಳು ಕಂಪ್ಯೂಟರ್ ಓದಿನ ಬಗ್ಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬಂದಿವೆ. ಬೆಂಗಳೂರಿಗೆ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರದ ಊರುಗಳಲ್ವಾ, ಸಹಜವೇ. ಹೆಸರು ಹಾಕಬೇಡಿ ಅಂದವರೇ ಹೆಚ್ಚು. ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಇನ್ಫರ್ಮೇಶನ್ ಸೈನ್ಸ್ ಎರಡನೇ ವರ್ಷ ಓದುತ್ತಿದ್ದೇನೆ, ಮನೆಯಿಂದಲೇ ದಿನಾ ಓಡಾಟ. ಐದನೇ ಸೆಮ್‌ಗೆ ಎಲೆಕ್ಟಿವ್, ಅಂದರೆ ಐಚ್ಛಿಕ ವಿಷಯ, ಆರಿಸಬೇಕು. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಎಐ. ಬೆಂಗಳೂರಿನಲ್ಲಿ ಕೆಲಸ ಮಾಡುವ ಭಾವ ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳು) ಹಿಡಿ ಅಂತಾರೆ. ನನಗೆ ಸೈಬರ್ ಸೆಕ್ಯುರಿಟಿ ಇಷ್ಟ. ಆದರೆ ಅದರಲ್ಲಿ ಹುಡುಗಿಯರು ಕಡಿಮೆ, ರಾತ್ರಿ ಪಾಳಿ ಇರುತ್ತದೆ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ. ತಪ್ಪು ಆರಿಸಿಬಿಟ್ಟರೆ ನನ್ನ ಕಥೆ ಮುಗೀತಾ?
— ಓದುಗಿ, ಗುಬ್ಬಿ

ಉತ್ತರ: ಏನೂ ಮುಗಿಯುವುದಿಲ್ಲ ಕಣಮ್ಮ. ಮೊದಲು ಲೆಕ್ಕ ನೋಡೋಣ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ಇಡೀ ಬಿಇ ಸೇರಿ 160 ಕ್ರೆಡಿಟ್. ನೀವು ನಿದ್ದೆಗೆಡುತ್ತಿರುವ ಆ ಎಲೆಕ್ಟಿವ್ 3 ಕ್ರೆಡಿಟ್. ಸ್ವಂತ ಪಠ್ಯಕ್ರಮ ಇರುವ ಅಟಾನಮಸ್ ಕಾಲೇಜಾದರೆ ಪೇಪರ್‌ಗಳ ಪಟ್ಟಿ ಸ್ವಲ್ಪ ಆಚೀಚೆ ಇರಬಹುದು, ಅಷ್ಟೇ. ನಾನು ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳುವ ಕಡೆ ಕೂತವನು. ನಿನ್ನ ಎಲೆಕ್ಟಿವ್ ಸರಿಯಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಿದವನಲ್ಲ. ಮಾರ್ಕ್ಸ್ ಕಾರ್ಡ್ ತುಂಬಾ ಎಐ, ಡೇಟಾ ಸೈನ್ಸ್ ಇಟ್ಟುಕೊಂಡು ಬಂದು, ಡೇಟಾಬೇಸಿನ ಎರಡು ಟೇಬಲ್ ಜಾಯಿನ್ ಮಾಡಿ ತೋರಿಸು ಅಂದರೆ ಪೆನ್ನು ಕಚ್ಚುತ್ತಾ ಕೂರುವವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಅಂದರೆ ನಿಮ್ಮ ನಿಜವಾದ ಬಂಡವಾಳ ಈ ವರ್ಷ ಓದಿದ್ದೇ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಅಲ್ಗಾರಿದಂ, ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ), ಮುಂದೆ ಬರುವ ನೆಟ್‌ವರ್ಕ್. ಯಾವ ಕಡೆ ಹೋದರೂ ಇವನ್ನು ಕೇಳಿಯೇ ಕೇಳುತ್ತಾರೆ.

ಇನ್ನು ಆರಿಸುವುದು ಹೇಗೆ? ಯಾವುದಕ್ಕೆ ಡಿಮ್ಯಾಂಡ್ ಅಂತ ನೋಡಿದರೆ ನೀವು ಪಾಸಾಗುವಷ್ಟರಲ್ಲಿ ಅದು ಬದಲಾಗಿರುತ್ತದೆ. ಯಾವುದು ಇಷ್ಟ ಅಂತ ನೋಡಿದರೂ ಸಾಲದು, ಯಾಕೆಂದರೆ ಯೂಟ್ಯೂಬಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಕೆಲಸಕ್ಕೂ ಒಂದು ಬೋರು ಹೊಡೆಸುವ ಭಾಗ ಇರುತ್ತದೆ, ದಿನದ ಮುಕ್ಕಾಲು ಪಾಲು ಅದೇ ಇರುತ್ತದೆ. ಆ ಬೋರು ನಿಮಗೆ ಒಗ್ಗುತ್ತದಾ ಅಂತ ನೋಡಿ.

ಎಐ ಅಂದಿರಲ್ಲ, ರಜದಲ್ಲಿ ಒಂದು ಕೆಲಸ ಮಾಡಿ ನೋಡಿ. ಎಪಿಎಂಸಿ ದರಗಳನ್ನು ಹಾಕುವ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಿಂದ ನಿಮ್ಮ ಪಕ್ಕದ ತಿಪಟೂರಿನ ಕೊಬ್ಬರಿ ದರ ಒಂದೆರಡು ವರ್ಷದ್ದು ಇಳಿಸಿಕೊಳ್ಳಿ. ಕನಿಷ್ಠ, ಗರಿಷ್ಠ, ಹೆಚ್ಚಿನ ಮಾಲು ಹೋದ ದರ ಅಂತ ಬೇರೆ ಬೇರೆ ಕಾಲಂ ಇರುತ್ತವೆ, ಎಲ್ಲ ಕ್ವಿಂಟಾಲ್ ಲೆಕ್ಕ. ಟೆಂಡರ್ ಇಲ್ಲದ ದಿನ ಸಾಲೇ ಇರುವುದಿಲ್ಲ. ಆ ಖಾಲಿ ದಿನಕ್ಕೆ ಸೊನ್ನೆ ಹಾಕುತ್ತೀರಾ, ಹಿಂದಿನ ದಿನದ ದರ ಹಾಕುತ್ತೀರಾ, ಬಿಟ್ಟುಬಿಡುತ್ತೀರಾ? ಸೊನ್ನೆ ಹಾಕಿದರೆ ಮಾಡೆಲ್, ಅಂದರೆ ಈ ದರಗಳಿಂದ ಕಲಿಯುವ ಪ್ರೋಗ್ರಾಂ, ಕೊಬ್ಬರಿ ಪುಕ್ಕಟೆ ಅಂದುಕೊಳ್ಳುತ್ತದೆ. ಇಂಥದ್ದನ್ನೆಲ್ಲ ಸರಿಮಾಡಲು ದಿನಗಟ್ಟಲೆ ಹಿಡಿಯುತ್ತದೆ, ಆಮೇಲೆ ನಾಳೆಯ ದರ ಹೇಳುವ ಮಾಡೆಲ್ ಬರೆಯಲು ಹತ್ತಿಪ್ಪತ್ತು ಸಾಲು ಪೈಥಾನ್ ಕೋಡ್ ಸಾಕು. ಅದನ್ನು ಓಡಿಸಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಇವತ್ತಿನ ದರವೇ ನಾಳೆಗೂ ಅಂತ ಕಣ್ಣು ಮುಚ್ಚಿ ಹೇಳಿದರೆ ಎಷ್ಟು ತಪ್ಪಾಗುತ್ತದೆ, ನಿಮ್ಮ ಮಾಡೆಲ್ ಎಷ್ಟು ತಪ್ಪು ಮಾಡುತ್ತದೆ, ಎರಡನ್ನೂ ಪಕ್ಕಪಕ್ಕ ಇಡಿ. ಮೊದಮೊದಲು ನಿಮ್ಮ ಮಾಡೆಲ್ಲೇ ಸೋತರೆ ಆಶ್ಚರ್ಯವಿಲ್ಲ. ಆಗ ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚುತ್ತೀರೋ, ಇಲ್ಲ ಯಾಕೆ ಅಂತ ಕೆದಕುತ್ತಾ ಊಟ ಮರೆಯುತ್ತೀರೋ? ಊಟ ಮರೆತರೆ ಎಐ ನಿಮ್ಮದು.

ಸೈಬರ್‌ಗೂ ಹೀಗೇ ಒಂದು ಪರೀಕ್ಷೆ ಇದೆ. ಯಾವುದಾದರೂ ಕ್ಲೌಡ್ ಕಂಪನಿಯ ಉಚಿತ ಖಾತೆಯಲ್ಲಿ ಒಂದು ಚಿಕ್ಕ ಲಿನಕ್ಸ್ ಸರ್ವರ್ ಎಬ್ಬಿಸಿ. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ, ಕೀ (ನಿಮ್ಮ ಕಂಪ್ಯೂಟರಿನಲ್ಲಿರುವ ಗುಪ್ತ ಫೈಲ್) ಇದ್ದವರಿಗೆ ಮಾತ್ರ ಪ್ರವೇಶ ಕೊಡಿ. ದೂರದಿಂದ ಲಾಗಿನ್ ಆಗುವ ಬಾಗಿಲಾದ 22ನೇ ಪೋರ್ಟ್ ತೆರೆದಿಟ್ಟು ಮಲಗಿ. ಬೆಳಗ್ಗೆ ಲಾಗಿನ್ ಲಾಗ್, ಅಂದರೆ ಒಳಬರಲು ನೋಡಿದವರ ದಾಖಲೆ, ತೆಗೆದರೆ ಗೊತ್ತಾಗುತ್ತದೆ. ನಿಮ್ಮ ಸರ್ವರ್ ಇದೆ ಅಂತ ಯಾರಿಗೂ ಹೇಳಿರುವುದಿಲ್ಲ, ಆದರೂ ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಯಾವ್ಯಾವುದೋ ಹೆಸರು ಹಾಕಿ ಯಾವ್ಯಾವುದೋ ದೇಶದ ಐಪಿ ವಿಳಾಸಗಳಿಂದ ಬಾಗಿಲು ಬಡಿದಿರುತ್ತಾರೆ, ಸಾಲು ಸಾಲಾಗಿ. ಬಹುಪಾಲು ಮನುಷ್ಯರೇ ಅಲ್ಲ, ತಾವಾಗಿ ಓಡುತ್ತಾ ಊರೂರು ಸುತ್ತುವ ಸ್ಕ್ರಿಪ್ಟ್‌ಗಳು. ಈ ಕಸದ ನಡುವೆ ನಿಜವಾದ ಕಳ್ಳ ಯಾರು ಅಂತ ಹುಡುಕುವುದೇ ಸೆಕ್ಯುರಿಟಿಯವರ ದಿನಚರಿ. ಬರುವ ಎಚ್ಚರಿಕೆಗಳಲ್ಲಿ ಮುಕ್ಕಾಲುವಾಸಿ ಸುಮ್ನೆ ಬಂದವು. ಆದರೂ ಒಂದೊಂದನ್ನೂ ನೋಡಿ, ರಿಪೋರ್ಟ್ ಬರೆಯಬೇಕು. ಸಿನಿಮಾದಲ್ಲಿ ತೋರಿಸುವ ಹಸಿರು ಅಕ್ಷರದ ಹ್ಯಾಕಿಂಗ್ ತಲೆಯಿಂದ ತೆಗೆದುಹಾಕಿ. ಅಭ್ಯಾಸಕ್ಕೆ ಅಂತ ಕಾಲೇಜಿನ ವೆಬ್‌ಸೈಟ್ ಮೇಲೆ ಕೈಯಾಡಿಸಲೂ ಹೋಗಬೇಡಿ. ಅನುಮತಿ ಇಲ್ಲದೆ ಒಳಹೊಕ್ಕರೆ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಒಡೆದು ಕಲಿಯಲಿ ಅಂತಲೇ ತೂತು ಬಿಟ್ಟು ಮಾಡಿರುವ ಜ್ಯೂಸ್ ಶಾಪ್ ಎಂಬ ಆ್ಯಪ್ ಅನ್ನು ಸಾಫ್ಟ್‌ವೇರ್ ಸುರಕ್ಷತೆಗೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡು ಎಷ್ಟು ಬೇಕಾದರೂ ಒಡೆಯಿರಿ.

ಭಾವ ಹೇಳಿದ್ದೂ ತಪ್ಪಲ್ಲ. ಆದರೆ ಕ್ಲೌಡ್ ಅಂದರೆ ಲಿನಕ್ಸ್, ನೆಟ್‌ವರ್ಕ್, ಜೊತೆಗೆ ತಿಂಗಳ ಬಿಲ್ಲು. ಸರ್ವರ್ ಆಫ್ ಮಾಡಲು ಮರೆತರೆ ಕಾರ್ಡಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ, ಮೇಲೆ ಹೇಳಿದ ಪ್ರಯೋಗಕ್ಕೂ ಈ ಮಾತು ನೆನಪಿರಲಿ. ಸೈಬರ್‌ಗೂ ಕ್ಲೌಡ್‌ಗೂ ತಳಪಾಯ ಒಂದೇ, ಹಾಗಾಗಿ ಈಗಲೇ ಒಂದನ್ನು ಬಿಡಬೇಕಾಗಿಲ್ಲ.

ಮನೆಯವರ ಮಾತಿಗೆ ಬರುತ್ತೇನೆ. ಹುಡುಗಿಯರು ಕಡಿಮೆ ಅನ್ನುವುದು ನಿಜ, ಬಿಡಲು ಅದು ಕಾರಣವಲ್ಲ. ರಾತ್ರಿ ಪಾಳಿಯೂ ನಿಜ. ಕಂಪನಿಗಳ ಮೇಲೆ ಇಪ್ಪತ್ನಾಲ್ಕು ಗಂಟೆ ಕಣ್ಣಿಡುವ ಸೆಂಟರ್‌ಗಳಲ್ಲೇ ಹೊಸಬರಿಗೆ ಜಾಸ್ತಿ ಕೆಲಸ ಸಿಗುವುದು. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಹಾಕಿದರೆ ಕಂಪನಿಯೇ ಗಾಡಿ ಕೊಡಬೇಕು ಎಂಬ ನಿಯಮ ಕರ್ನಾಟಕದಲ್ಲಿದೆ. ಆದರೆ ಆ ಕ್ಯಾಬು ಗುಬ್ಬಿಗೆ ಬರುವುದಿಲ್ಲವಲ್ಲ, ಬೆಂಗಳೂರಿನಲ್ಲಿ ಪಿಜಿ ಹಿಡಿಯಬೇಕಾಗುತ್ತದೆ. ಮನೆಯಲ್ಲಿ ಮಾತಾಡಬೇಕಾದ್ದು ಇದನ್ನು. ಈಗಿನಿಂದಲೇ ಮಾತಾಡಿ.

ಎಲೆಕ್ಟಿವ್ ಪಟ್ಟಿಯಲ್ಲಿ ಯುನಿಕ್ಸ್ ಸಿಸ್ಟಂ ಪ್ರೋಗ್ರಾಮಿಂಗ್ ಇದ್ದರೆ ಅದನ್ನೇ ತಗೊಳ್ಳಿ. ಹೆಸರಿನಲ್ಲಿ ಸೆಕ್ಯುರಿಟಿ ಇಲ್ಲ, ಆದರೆ ನಿಮಗೆ ಬೇಕಾದ ಲಿನಕ್ಸ್ ತಳಪಾಯ ಅದರಲ್ಲೇ ಇದೆ. ಫಾರಂ ತುಂಬುವ ಮುಂಚೆ ಪಾಠ ಮಾಡುವವರು ಯಾರು ಅಂತ ಸೀನಿಯರ್‌ಗಳನ್ನು ಒಂದು ಮಾತು ಕೇಳಿ. ಒಳ್ಳೆ ಮೇಷ್ಟ್ರು ಸಿಕ್ಕಿದರೆ ಕಂಪ್ಯೂಟರ್ ಗ್ರಾಫಿಕ್ಸೇ ಆದರೂ ತಗೊಳ್ಳಬಹುದು!

ಪ್ರಶ್ನೆ: ಮಗನಿಗೆ ಸಿಇಟಿ ಮೊದಲ ರೌಂಡಿನಲ್ಲಿ ತುಮಕೂರಿನ ಹಳೇ ಕಾಲೇಜೊಂದರಲ್ಲಿ ಇನ್ಫರ್ಮೇಶನ್ ಸೈನ್ಸ್ ಸಿಕ್ಕಿದೆ. ಅವನಿಗೆ ಎಐ ಎಂಎಲ್ (ಮೆಷಿನ್ ಲರ್ನಿಂಗ್) ಅಂತ ಹೆಸರಿರುವ ಬ್ರಾಂಚೇ ಆಗಬೇಕಂತೆ. ಬೆಂಗಳೂರಿನ ಹೊರಗೆ ಹೊಸ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಇದೆ. ಜಮೀನಿನ ಮೇಲೆ ಸಾಲ ತೆಗೆಯಬೇಕಾಗುತ್ತದೆ. ಏನು ಮಾಡಲಿ?
— ಓದುಗರು, ಶಿರಾ

ಉತ್ತರ: ಜಮೀನು ಮುಟ್ಟಬೇಡಿ ಅಣ್ಣ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಎಐ ಎಂಎಲ್ ಮೂರಕ್ಕೂ ಮೊದಲ ಎರಡು ವರ್ಷದ ಓದು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಶುರುವಾಗುವುದು ಮೂರನೇ ವರ್ಷದಲ್ಲಿ. ಇನ್ಫರ್ಮೇಶನ್ ಸೈನ್ಸ್ ಹುಡುಗರಿಗೂ ಮೆಷಿನ್ ಲರ್ನಿಂಗ್ ಪಾಠ ಇರುತ್ತದೆ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಈ ಬ್ರಾಂಚ್‌ಗಳನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಸೇರಿಸುತ್ತವೆ.

ಹೊಸ ಕಾಲೇಜಿಗೆ ಹೋಗಿ ಎರಡೇ ಪ್ರಶ್ನೆ ಕೇಳಿ. ಈ ಬ್ರಾಂಚಿನಿಂದ ಎಷ್ಟು ಬ್ಯಾಚ್ ಪಾಸಾಗಿ ಹೋಗಿವೆ? ಎಐ ಪಾಠ ಮಾಡುವವರು ಎಷ್ಟು ಜನ, ಅವರು ಏನು ಓದಿದ್ದಾರೆ? ಉತ್ತರ ಕೊಡುವ ಬದಲು ಬಿಲ್ಡಿಂಗ್ ತೋರಿಸಲು ಕರೆದುಕೊಂಡು ಹೋದರೆ ಅಲ್ಲಿಂದಲೇ ಊರಿನ ಬಸ್ಸು ಹಿಡಿಯಿರಿ.

ಮಗನಿಗೆ ಸರ್ಕಾರಿ ಕೋಟಾದಲ್ಲೇ ಇನ್ನೊಂದು ಅವಕಾಶ ನೋಡಬೇಕು ಅನಿಸಿದರೆ ಸಿಇಟಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಯ ಚಾಯ್ಸ್-2 ಇದ್ದೇ ಇದೆ. ಸಿಕ್ಕ ಸೀಟು ಕೈಯಲ್ಲಿರುತ್ತದೆ, ಮುಂದಿನ ರೌಂಡಿನಲ್ಲಿ ಅದಕ್ಕಿಂತ ಮೇಲೆ ಬರೆದ ಆಪ್ಷನ್‌ಗಳಿಗೆ ಪರಿಗಣಿಸುತ್ತಾರೆ. ಒಂದು ಎಚ್ಚರಿಕೆ: ಮೇಲಿನದು ಯಾವುದಾದರೂ ಸಿಕ್ಕಿತೋ, ಈಗಿನ ಸೀಟು ತಾನಾಗಿಯೇ ಹೋಗುತ್ತದೆ, ವಾಪಸ್ ಸಿಗುವುದಿಲ್ಲ. ಸುಮ್ನೆ ಇರಲಿ ಅಂತ ಬರೆದ ಕಾಲೇಜೇನಾದರೂ ಮೇಲಿದೆಯಾ ಅಂತ ಅಪ್ಪ ಮಗ ಇಬ್ಬರೂ ಕೂತು ನೋಡಿ, ಇದ್ದರೆ ಮೊದಲು ಅಳಿಸಿ.

ಪ್ರಶ್ನೆ: ಕೋಲಾರದಲ್ಲಿ ಬಿಸಿಎ ಎರಡನೇ ವರ್ಷ. ಬಿಇ ಅಲ್ಲ ಅಂತ ನೆಂಟರ ಮುಂದೆ ಹೇಳಿಕೊಳ್ಳಲೇ ಬೇಜಾರು. ನಾವು ಯಾವ ಸ್ಪೆಷಲೈಸೇಶನ್ ಹಿಡಿದರೆ ಬದುಕುತ್ತೇವೆ?
— ಓದುಗ, ಕೋಲಾರ

ಉತ್ತರ: ನೆಂಟರ ವಿಷಯ ಬಿಡಪ್ಪ. ಬಿಸಿಎ ಮುಗಿಸಿ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಎಂಸಿಎ ಈಗ ಎರಡೇ ವರ್ಷ, ಮೊದಲಿನ ಹಾಗೆ ಮೂರಲ್ಲ. ಪಿಯುಸಿಯಲ್ಲಿ ಗಣಿತ ಇರಲಿಲ್ಲ ಅಂದರೆ ಅರ್ಹತೆಯ ನಿಯಮ ಈಗಲೇ ಓದಿಕೊಳ್ಳಿ, ಕೊನೇ ಗಳಿಗೆಯಲ್ಲಿ ಗಾಬರಿ ಬೇಡ.

ಸ್ಪೆಷಲೈಸೇಶನ್ ಅಂದರೆ ಎಲ್ಲರೂ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ನೋಡುತ್ತಾರೆ. ನಿಮ್ಮ ಹತ್ತಿರವೇ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿವೆ. ಹೋಂಡಾದಂಥ ಕಾರ್ಖಾನೆ ಇರುವ ಕಡೆ ಲೈನ್ ಕೆಲಸ ಒಂದೇ ಇರುವುದಿಲ್ಲ. ಎಷ್ಟು ಬಿಡಿಭಾಗ ಬಂತು, ಯಾವ ಲಾಟ್ ಯಾವ ಗಾಡಿಗೆ ಹೋಯಿತು, ಯಾವುದು ವಾಪಸ್ ಬಂತು, ಎಲ್ಲ ಬಾರ್‌ಕೋಡ್, ಡೇಟಾಬೇಸ್, ಇಆರ್‌ಪಿ (ಕಂಪನಿಯ ಲೆಕ್ಕ, ದಾಸ್ತಾನು ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಮೇಲೆ ನಡೆಯುತ್ತದೆ. ಅದರಿಂದ ರಿಪೋರ್ಟ್ ತೆಗೆಯುವವರು ಬೇಕು, ನಿಂತುಹೋದಾಗ ಸರಿಮಾಡುವವರು ಬೇಕು. ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಜಾವಾ ಅಥವಾ ಪೈಥಾನ್ ಒಂದು. ನನ್ನ ಮಟ್ಟಿಗೆ ಬಿಸಿಎ ಹುಡುಗರಿಗೆ ಇದಕ್ಕಿಂತ ಒಳ್ಳೆ ಶುರು ಇನ್ನೊಂದಿಲ್ಲ. ಅರ್ಧಂಬರ್ಧ ಡೇಟಾ ಸೈನ್ಸ್ ಸರ್ಟಿಫಿಕೇಟಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸ್‌ಗಳು ಪುಕ್ಕಟೆ, ಪಾಠ ಮಾಡುವವರು ಹೆಚ್ಚಾಗಿ ಐಐಟಿಯವರು, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು.

ಪ್ರಶ್ನೆ: ಚಾಟ್‌ಜಿಪಿಟಿಯೇ ಕೋಡ್ ಬರೆದುಕೊಡುತ್ತದೆ. ಇನ್ನು ನಾವು ನಾಲ್ಕು ವರ್ಷ ಕೂತು ಕಲಿಯುವುದು ಯಾಕೆ?
— ಓದುಗ, ಚಿಂತಾಮಣಿ

ಉತ್ತರ: ಬರೆದುಕೊಡುತ್ತದೆ, ಚೆನ್ನಾಗಿಯೇ ಬರೆದುಕೊಡುತ್ತದೆ. ನಿಮ್ಮೂರಿನ ಟೊಮೆಟೊ ಮಂಡಿಯನ್ನೇ ತಗೊಳ್ಳಿ. ಸರ್ಕಾರಿ ಫೈಲಿನಲ್ಲಿ ದರ ಇರುವುದು ಕ್ವಿಂಟಾಲಿಗೆ, ಮಂಡಿಯಲ್ಲಿ ಮಾತಾಡುವುದು 15 ಕೆಜಿ ಬಾಕ್ಸಿಗೆ. ಕ್ವಿಂಟಾಲಿಗೆ 2,000 ರೂಪಾಯಿ ಅಂದರೆ ಬಾಕ್ಸಿಗೆ 300. ಎರಡೂ ಥರದ ಸಂಖ್ಯೆ ಸೇರಿರುವ ಫೈಲ್ ಕೊಟ್ಟು ಸರಾಸರಿ ತೆಗೆದುಕೊಡು ಅಂತ ಕೇಳಿದರೆ ಅದು ಸಲೀಸಾಗಿ ಕೂಡಿ ಭಾಗಿಸಿ ಕೊಟ್ಟುಬಿಡಬಹುದು. ಕೋಡ್ ಓಡುತ್ತದೆ, ಎರರ್ ಬರುವುದಿಲ್ಲ, ಉತ್ತರ ಮಾತ್ರ ಯಾವ ಮಂಡಿಯಲ್ಲೂ ಇಲ್ಲದ ದರ. ಅದು ತಪ್ಪು ಅಂತ ಕಂಡುಹಿಡಿಯುವವನಿಗೇ ಸಂಬಳ ಕೊಡುವುದು. ಲ್ಯಾಬ್ ಪ್ರೋಗ್ರಾಂ ಅದರಿಂದ ಬರೆಸಿಕೊಳ್ಳುವುದಾದರೆ ಬರೆಸಿಕೊಳ್ಳಿ, ಆಮೇಲೆ ಒಂದೊಂದು ಸಾಲೂ ಯಾಕಿದೆ ಅಂತ ಪಕ್ಕದವನಿಗೆ ಹೇಳಿಕೊಡಿ. ಹೇಳಲು ಬರಲಿಲ್ಲ ಅಂದರೆ ಕಲಿತಿಲ್ಲ ಅಂತಲೇ ಲೆಕ್ಕ.

ಪ್ರಶ್ನೆ: ಈ ವರ್ಷ ಬಿಇ ಸೇರುತ್ತಿದ್ದೇನೆ. ಅಪ್ಪ ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಎಐ ಓದಲು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತಾರಲ್ಲ, ನಿಜವಾ?
— ಓದುಗಿ, ಶಿಡ್ಲಘಟ್ಟ

ಉತ್ತರ: ಬೇಡ. ಮೊದಲೆರಡು ವರ್ಷಕ್ಕಂತೂ ಬೇಡವೇ ಬೇಡ. ಗ್ರಾಫಿಕ್ಸ್ ಕಾರ್ಡ್ ಬೇಕಾದ ದಿನ ಆನ್‌ಲೈನಿನಲ್ಲೇ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮಿತಿ ಇದೆ, ಆದರೆ ಕಾಲೇಜಿನ ಪ್ರಾಜೆಕ್ಟಿಗೆ ಸಾಕು. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ನೋಡಿ. ಬಜೆಟ್ ಸಾಲದಿದ್ದರೆ 8 ಜಿಬಿಯದ್ದೇ ತಗೊಳ್ಳಿ, ಆದರೆ ಮುಂದೆ ರ‍್ಯಾಮ್ ಹಾಕಿಸಲು ಇನ್ನೊಂದು ಸ್ಲಾಟ್ ಇದೆಯಾ ಅಂತ ಅಂಗಡಿಯವನನ್ನು ಕೇಳಿ. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿಬಿಟ್ಟಿರುತ್ತಾರೆ, ಬದಲಾಯಿಸಲು ಆಗುವುದಿಲ್ಲ. ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕಾದರೆ ತೂಕವನ್ನೂ ಬ್ಯಾಟರಿಯನ್ನೂ ನೋಡಿ, ಗೇಮಿಂಗ್ ಲ್ಯಾಪ್‌ಟಾಪ್‌ಗಳು ಎರಡರಲ್ಲೂ ಸೋಲುತ್ತವೆ. ಉಳಿದ ದುಡ್ಡು ಅಪ್ಪನ ಹತ್ತಿರವೇ ಇರಲಿ.